ಸುತ್ತುಕುಣಿತದ ಹುಟ್ಟೂರು

ಅವನು ಮಾಡಿದ ತಪ್ಪು ಇಷ್ಟೇ: ನಿರ್ದೇಶಕರ ಭಾಷಣದ ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ. "ಸುತ್ತುಕುಣಿತದ ಮಟ್ಟು ಏಳುನೂರು ವರ್ಷ ಹಳೆಯದು" ಎಂಬ ವಾಕ್ಯದ ಪಕ್ಕದಲ್ಲಿ, ಬೇಡವೆಂದರೆ ಅಳಿಸಿಬಿಡಬಹುದಾದಷ್ಟು ತೆಳ್ಳಗೆ.

ಜನಪದ ಸಂಗೀತ ಸಂಗ್ರಹಾಲಯದಲ್ಲಿ ಅವನು ಆರು ವರ್ಷದಿಂದ ತಾತ್ಕಾಲಿಕ ಸಹಾಯಕ. ಯಾರು ಏನೇ ಹೇಳಿದರೂ "ಅದಕ್ಕೆ ಆಧಾರ?" ಎಂದು ಕೇಳುವ ಚಟವಿದ್ದದ್ದರಿಂದ ಸಹೋದ್ಯೋಗಿಗಳು ಅವನಿಗೆ ಅಡಿಟಿಪ್ಪಣಿ ಎಂದು ಹೆಸರಿಟ್ಟಿದ್ದರು. ಹೆಸರು ಹೊಂದಿಕೊಂಡಿತ್ತು. ಅವನು ಕಚೇರಿಯ ಕೆಳಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತಿದ್ದ. ಯಾರೂ ಅವನನ್ನು ಓದುತ್ತಿರಲಿಲ್ಲ.

ನಿರ್ದೇಶಕರಾದರೋ ಒಂದು ಹಾಡನ್ನೂ ನೆಟ್ಟಗೆ ಗುನುಗಲಾರದವರು. ಮೊದಲು ಒಳಚರಂಡಿ ಇಲಾಖೆಯಲ್ಲಿದ್ದರು. ಅಲ್ಲಿಂದ ಬಡ್ತಿಯ ಮೇಲೆ ಜನಪದಕ್ಕೆ ಹರಿದು ಬಂದಿದ್ದರು.

"ಇದು ಯಾರ ಕೈಚಳಕ?" ಎಂದು ಅವರು ಹಾಳೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಕೇಳಿದರು.

"ನಂದೇ ಸಾರ್. ಏಳುನೂರು ಅನ್ನೋದಕ್ಕೆ ಆಧಾರ ಸಿಗಲಿಲ್ಲ."

"ಸಿಗಲಿಲ್ಲವೋ, ಹುಡುಕಲಿಲ್ಲವೋ?" ನಿರ್ದೇಶಕರು ಗಡಿಯಾರ ನೋಡಿದರು. "ಸಂಜೆ ಐದಕ್ಕೆ ಮಂತ್ರಿಗಳು ಬಂದು ಚೌಕದಲ್ಲಿ ಕಲ್ಲು ಅನಾವರಣ ಮಾಡ್ತಾರೆ. ಕಲ್ಲಿನ ಮೇಲೆ ಈ ಮಟ್ಟು ಎಲ್ಲಿ, ಯಾವಾಗ ಹುಟ್ಟಿತು ಅನ್ನೋ ಒಂದು ಸಾಲು ಇನ್ನೂ ಕೊರೆದಿಲ್ಲ. ಕಲ್ಲುಕುಟಿಗ ಉಳಿ ಹಿಡಿದು ಕೂತಿದ್ದಾನೆ. ನಾಲ್ಕು ಗಂಟೆಯೊಳಗೆ ಆಧಾರ ಸಮೇತ ಬನ್ನಿ. ಇಲ್ಲದಿದ್ರೆ ನಾಳೆಯಿಂದ ಬರೋ ತೊಂದ್ರೆ ತಗೋಬೇಡಿ."

ಪಕ್ಕದ ಮೇಜಿನ ಗುಮಾಸ್ತೆ ಕನ್ನಡಕ ಒರೆಸಿಕೊಳ್ಳುತ್ತಾ, "ಒಂದು ಗೀಟು ಎಳೆಯೋಕೆ ಹೋಗಿ ಕೊರಳಿಗೇ ಸುತ್ಕೊಂಡ್ರಲ್ಲಪ್ಪ" ಎಂದಳು. ಆಕೆಯ ದನಿಯಲ್ಲಿ ಮರುಕಕ್ಕಿಂತ ಖುಷಿಯೇ ಜಾಸ್ತಿಯಿತ್ತು.

ಅಡಿಟಿಪ್ಪಣಿ ಧ್ವನಿಮುದ್ರಣ ಯಂತ್ರವನ್ನು ಹೆಗಲಿಗೇರಿಸಿಕೊಂಡು ಮೊದಲು ಹೋದದ್ದು ನಿವೃತ್ತ ಪ್ರಾಧ್ಯಾಪಕರ ಮನೆಗೆ. ಸುತ್ತುಕುಣಿತದ ಮೇಲೆ ಅವರು ಆರುನೂರು ಪುಟದ ಗ್ರಂಥ ಬರೆದಿದ್ದರು. ಅವರ ಮನೆಯ ಬಾಗಿಲು ಗಾಳಿಗೆ ಬಡಿದುಕೊಳ್ಳದಂತೆ ಒತ್ತುಕೊಟ್ಟಿದ್ದದ್ದು ಅದೇ ಗ್ರಂಥ.

"ಏಳುನೂರು ಅಂದವರು ಯಾರು? ಎರಡು ಸಾವಿರ ವರ್ಷ" ಎಂದರು ಪ್ರಾಧ್ಯಾಪಕರು. "ಮೂರನೇ ಸುತ್ತಿನ ಕೊನೆಯಲ್ಲಿ ಮಟ್ಟು ಒಂದು ಕ್ಷಣ ನಿಂತು, ಆಮೇಲೆ ಎಗರುತ್ತಲ್ಲ? ಆದಿಮಾನವ ಮೊದಲ ಸಲ ಆಕಾಶ ನೋಡಿ ಬೆರಗಾದ ಗಳಿಗೆ ಅದು."

"ಅದಕ್ಕೆ ಆಧಾರ ಸಾರ್?"

"ನಿಮ್ಮದೇ ಸಂಗ್ರಹಾಲಯದ ಕೈಪಿಡಿ. ಹದಿನಾಲ್ಕನೇ ಪುಟ."

ಆ ಕೈಪಿಡಿಯ ಕರಡು ತಿದ್ದಿದವನು ಅಡಿಟಿಪ್ಪಣಿಯೇ. ಹದಿನಾಲ್ಕನೇ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಏನಿತ್ತೆಂದು ಅವನಿಗೆ ಬಾಯಿಪಾಠವಾಗಿತ್ತು: ನೋಡಿ, ಪ್ರಾಧ್ಯಾಪಕರ ಗ್ರಂಥ. ಅವನು ಕೈಮುಗಿದು, ಬಾಗಿಲಿಗೆ ಒತ್ತಿದ್ದ ಎರಡು ಸಾವಿರ ವರ್ಷಗಳನ್ನು ದಾಟಿ ಹೊರಬಿದ್ದ.

ಸುತ್ತುಕುಣಿತಕ್ಕೆ ಊರಲ್ಲಿ ಎರಡು ತಂಡಗಳಿದ್ದವು, ಹೊಳೆಯ ಈಚೆಯದೊಂದು, ಆಚೆಯದೊಂದು. ಈಚೆ ತಂಡದ ಮುಖಂಡ ದರ್ಜಿ. ಪ್ರಶ್ನೆ ಕೇಳುತ್ತಿದ್ದಂತೆ ಅವನು ಹೊಲಿಗೆ ಯಂತ್ರದ ಪೆಡಲಿನಿಂದ ಕಾಲು ತೆಗೆದ.

"ನಮ್ಮ ಮುತ್ತಜ್ಜಿ ಕಟ್ಟಿದ್ದು ಸ್ವಾಮಿ. ಬಟ್ಟೆ ಒಗೀತಾ ಒಗೀತಾ ಹಾಡಿದ್ದು. ಆ ನಡುವೆ ನಿಲ್ಲುತ್ತಲ್ಲ, ಅದು ಮುತ್ತಜ್ಜಿ ಬಟ್ಟೆ ಹಿಂಡೋಕೆ ನಿಂತಿದ್ದು."

"ಇದನ್ನ ಬೇರೆ ಯಾರಾದ್ರೂ ಹೇಳ್ತಾರಾ?"

"ಹೊಳೆ ಆಚೆಯವರನ್ನು ಬಿಟ್ಟು ಯಾರನ್ನ ಬೇಕಾದ್ರೂ ಕೇಳಿ" ಎಂದ ದರ್ಜಿ. ನಂಬಿಕೆ ಸಾಲದೆ, ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಅವನ ಹಿಂದೆ ಹೊರಟ.

ಆಚೆ ತಂಡದ ಮುಖಂಡ ಬ್ರೆಡ್ ಮಾಡುವ ಬೇಕರಿಯವನು. ಮೊಣಕೈವರೆಗೂ ಹಿಟ್ಟು ಮೆತ್ತಿಕೊಂಡೇ ಅಂಗಡಿಯ ಬಾಗಿಲಿಗೆ ಬಂದ.

"ಮುತ್ತಜ್ಜಿ ಕಟ್ಟಿದ್ದು ಹೌದು. ಆದ್ರೆ ಯಾರ ಮುತ್ತಜ್ಜಿ? ಆ ಹೆಂಗಸು ಹುಟ್ಟಿದ್ದು ಅಲ್ಲಿ, ಮದುವೆಯಾಗಿ ಬಂದದ್ದು ಇಲ್ಲಿಗೆ. ಗಂಡನ ಮನೇಲಿ ಕಣ್ಣೀರಿಡ್ತಾ ಕಟ್ಟಿದ ಮಟ್ಟು ಅದು. ನಡುವೆ ನಿಲ್ಲೋದು ಬಿಕ್ಕಳಿಕೆ."

"ನಿಮ್ಮ ಮನೆಗೆ ಬಂದು ಅತ್ತಿದ್ದು ಮಾತ್ರ ನಿಜ" ಎಂದ ದರ್ಜಿ.

ಆಮೇಲೆ ಮಾತು ಮುತ್ತಜ್ಜಿಯನ್ನು ಬಿಟ್ಟು ಬದುಕಿರುವವರ ಮೇಲೆ ತಿರುಗಿತು. ಬೀದಿಯ ಜನ ಸೇರಿದರು. ಒಬ್ಬಾತ ಮೇಲಿನ ಕಿಟಕಿಯಿಂದ, "ಸರ್ಕಾರದವರನ್ನು ಹಿಡ್ಕೊಳ್ಳಿ, ಬರೆಸ್ಕೊಳ್ಳದೆ ಬಿಡಬೇಡಿ" ಎಂದು ಸಲಹೆ ಕೊಟ್ಟ. ದರ್ಜಿ ಬಲತೋಳು ಹಿಡಿದ, ಬ್ರೆಡ್ಡಿನವನು ಎಡತೋಳು ಹಿಡಿದ. ಒದ್ದೆ ಹೊದಿಕೆಯನ್ನು ಇಬ್ಬರು ಎರಡು ತುದಿಯಲ್ಲಿ ಹಿಂಡುವಂತೆ ಹಿಂಡಿದರು. ಅಡಿಟಿಪ್ಪಣಿಯಿಂದ ಸತ್ಯವೇನೂ ಹೊರಬರಲಿಲ್ಲ. ಅಂಗಿ ಮಾತ್ರ ಬೆನ್ನಿನುದ್ದಕ್ಕೂ ಪರ್ರನೆ ಹರಿಯಿತು.

ಆ ಸದ್ದಿಗೆ ಇಬ್ಬರೂ ಕೈಬಿಟ್ಟರು. ದರ್ಜಿ ಹರುಕನ್ನು ಬೆರಳಿನಿಂದ ಸವರಿ ನೋಡಿ, "ಹೊಲಿಗೆ ನಮ್ಮದಲ್ಲ, ಅದಕ್ಕೇ ಹೋಯ್ತು" ಎಂದ.

ಹರಿದ ಅಂಗಿಯಲ್ಲಿ ಮಂತ್ರಿಗಳ ಮುಂದೆ ನಿಲ್ಲುವಂತಿರಲಿಲ್ಲ. ಮಧ್ಯಾಹ್ನ ಎರಡೂವರೆಗೆ ಅವನು ಬೆನ್ನಿಗೆ ಯಂತ್ರವನ್ನು ಮರೆಮಾಡಿಕೊಂಡು ಮನೆಗೆ ಬಂದ. ಮನೆ ಎಂದರೆ ಒಂದು ಹಳೇ ಕಟ್ಟಡದ ಮೊದಲ ಮಹಡಿಯಲ್ಲಿ ಎರಡು ಕೋಣೆ. ಮೆಟ್ಟಿಲ ಮೇಲೆ ಕಾಲಿಟ್ಟವನು ಹಾಗೇ ನಿಂತ. ಕೆಳಗಿನ ಅಂಗಡಿಯೊಳಗಿಂದ ಸುತ್ತುಕುಣಿತದ ಮಟ್ಟು ಬರುತ್ತಿತ್ತು, ಮೂರನೇ ಸುತ್ತಿನ ಕೊನೆಯ ನಿಲುಗಡೆಯೂ ಸೇರಿ.

ಅದು ಹಾರ್ಮೋನಿಯಂ ರಿಪೇರಿ ಅಂಗಡಿ. ಅಂಗಡಿಯ ಮುದುಕ ಬೆಳಗ್ಗೆಯೆಲ್ಲ ಹಾರ್ಮೋನಿಯಂ ಪೆಟ್ಟಿಗೆಗಳನ್ನು ಬಿಚ್ಚುತ್ತಿದ್ದ, ಮಧ್ಯಾಹ್ನ ಜೋಡಿಸುತ್ತಿದ್ದ, ಅಡಿಟಿಪ್ಪಣಿ ಕಚೇರಿಯಿಂದ ಬರುವ ಹೊತ್ತಿಗೆ ಬೀಗ ಹಾಕುತ್ತಿದ್ದ. ಎಂಟು ವರ್ಷದಲ್ಲಿ ಅವರಿಬ್ಬರು ಆಡಿದ್ದು ನಲ್ಲಿನೀರಿನ ಮಾತು ಮಾತ್ರ.

"ತಾತ, ಈ ಮಟ್ಟು ಎಲ್ಲಿ ಕಲಿತ್ರಿ?"

"ಇದು ಮಟ್ಟೇನಪ್ಪ? ಪರೀಕ್ಷೆ. ರಿಪೇರಿ ಆದ್ಮೇಲೆ ಪೆಟ್ಟಿಗೇಲಿ ಬೆರಳಿಟ್ಟು ಒತ್ತೋ ಎಲ್ಲಾ ಮನೆ ಕೆಲಸ ಮಾಡ್ತಿದೆಯೋ ಇಲ್ವೋ ನೋಡ್ಬೇಕಲ್ಲ. ಒಂದನ್ನೂ ಬಿಡದ ಹಾಗೆ ನಮ್ಮಪ್ಪ ಜೋಡಿಸಿದ್ದು." ಮುದುಕ ಕಪಾಟಿನಿಂದ ಎಣ್ಣೆ ಮೆತ್ತಿದ ಒಂದು ಪುಸ್ತಕ ತೆಗೆದು ಊದಿದ. ಅದರಲ್ಲಿ ಮನೆಗಳ ಸಂಖ್ಯೆ ಸಾಲಾಗಿ ಬರೆದಿತ್ತು; ಮೇಲೆ ಅರವತ್ತೆರಡು ವರ್ಷದ ಹಿಂದಿನ ತಾರೀಖು.

"ಮತ್ತೆ ಮೂರನೇ ಸುತ್ತಿನಲ್ಲಿ ನಿಲ್ಲೋದು?"

"ನಮ್ಮಪ್ಪ ಇದನ್ನ ಜೋಡಿಸಿದ ಪೆಟ್ಟಿಗೇಲಿ ಹನ್ನೊಂದನೇ ಮನೆ ಕಚ್ಕೊಂಡಿತ್ತು. ಒತ್ತಿದ್ರೆ ಏಳ್ತಿರಲಿಲ್ಲ. ಉಗುರಲ್ಲಿ ಎಬ್ಬಿಸಿ ಮುಂದಕ್ಕೆ ಹೋಗ್ತಿದ್ರು. ಹಾಗೇ ಅಭ್ಯಾಸ ಆಗೋಯ್ತು. ಒಂದಿನ ಹೊಳೆ ಈಚೆಯವರು, ಆಚೆಯವರು ಇಬ್ಬರೂ ತಮ್ಮ ತಮ್ಮ ಪೆಟ್ಟಿಗೆ ತಗೊಂಡು ಹೋಗೋಕೆ ಬಂದು ಹೊರಗೆ ನಿಂತಿದ್ರು. ಕಾಯ್ತಾ ಕಾಯ್ತಾ ಕಾಲು ಕುಣಿಸೋಕೆ ಶುರು ಮಾಡಿದ್ರು. ಚಳಿಗಾಲ ನೋಡು."

ಎರಡು ಸಾವಿರ ವರ್ಷದ ಬೆರಗು, ಮುತ್ತಜ್ಜಿಯ ಬಟ್ಟೆ, ಸೊಸೆಯ ಬಿಕ್ಕಳಿಕೆ ಎಲ್ಲವೂ ಕಚ್ಚಿಕೊಂಡ ಒಂದು ಮನೆಯಲ್ಲಿ ಮುಗಿದುಹೋಯಿತು. ಅಡಿಟಿಪ್ಪಣಿಗೆ ಜೀವಮಾನದಲ್ಲೇ ಮೊದಲ ಬಾರಿ ಆಧಾರವೊಂದು ಪೂರ್ತಿಯಾಗಿ ಸಿಕ್ಕಿತ್ತು. ಅವನು ಮುದುಕನ ಕೈ ಹಿಡಿದು ಕುಲುಕಿದ, ಪುಸ್ತಕವನ್ನು ಕೇಳಿ ಪಡೆದ, ಮಹಡಿ ಹತ್ತಿ ಅಂಗಿ ಬದಲಿಸಿದ. "ಊಟ ಮಾಡ್ಕೊಂಡು ಹೋಗ್ರೀ" ಎಂದ ಹೆಂಡತಿಗೆ, "ಇವತ್ತು ಚೌಕಕ್ಕೆ ಬಾ, ನನ್ನ ಕೆಲಸ ನೋಡು" ಎಂದು ಓಡಿದ.

ನಾಲ್ಕಕ್ಕೆ ಐದು ನಿಮಿಷವಿತ್ತು. ಕಚೇರಿಯ ಅಂಗಳದಲ್ಲಿ ಎರಡು ತಂಡಗಳೂ ಬಂದು ಕೂತಿದ್ದವು. ಕಲ್ಲಿನ ಮೇಲೆ ಎದುರು ದಡದ ಹೆಸರು ಬಂದರೆ ಮಂತ್ರಿಗಳ ಕಾರಿನ ಮುಂದೆ ಮಲಗುವುದಾಗಿ ಇಬ್ಬರೂ ಬೇರೆ ಬೇರೆಯಾಗಿ ಬರೆದುಕೊಟ್ಟಿದ್ದರು. ಒಳಗೆ ನಿರ್ದೇಶಕರ ಮುಖ ನೆನೆದ ರಟ್ಟಿನಂತೆ ಇಳಿಬಿದ್ದಿತ್ತು.

ಅಡಿಟಿಪ್ಪಣಿ ಎಣ್ಣೆ ಪುಸ್ತಕ ಬಿಡಿಸಿಟ್ಟು ಎಲ್ಲವನ್ನೂ ಹೇಳಿದ. ಒಂದನ್ನು ಮಾತ್ರ ಹೇಳಲಿಲ್ಲ: ಆ ಅಂಗಡಿ ಇರುವುದು ತನ್ನ ಮನೆಯ ಕೆಳಗೇ ಎಂಬುದನ್ನು. ಎಂಟು ವರ್ಷ ಇತಿಹಾಸದ ತಲೆಯ ಮೇಲೆ ಮಲಗಿ ಎದ್ದವನು ಎಂತಹ ಸಂಶೋಧಕ ಎಂದು ಗುಮಾಸ್ತೆ ನಕ್ಕಾಳೆಂಬ ನಾಚಿಕೆ. ಕಟ್ಟಡದ ಸಂಖ್ಯೆಯನ್ನಷ್ಟೇ ಕೊಟ್ಟ.

ನಿರ್ದೇಶಕರು ಕಣ್ಣು ಮುಚ್ಚಿ ಯೋಚಿಸಿದರು. "ಅಂಗಡಿ ಹೊಳೆಯ ಯಾವ ಕಡೆ ಬರುತ್ತೆ?"

"ಸೇತುವೆ ಬುಡದಲ್ಲಿ ಸಾರ್. ಯಾರ ಕಡೆಯೂ ಅಲ್ಲ."

ನಿರ್ದೇಶಕರ ಮುಖಕ್ಕೆ ಗಂಜಿ ಹಾಕಿದಂತಾಯಿತು. "ನಾನು ಮೊದಲೇ ಊಹಿಸಿದ್ದೆ. ದುಡಿಯುವ ಕೈಗಳಿಂದ ಹುಟ್ಟಿದ ಕಲೆ. ಏಳುನೂರು ಅಂತ ಬರೆದವರು ಯಾರು ಮಾರಾಯ್ರೇ?" ಎನ್ನುತ್ತಾ ತಮ್ಮ ಭಾಷಣದಲ್ಲಿ ತಾವೇ ಬರೆದ ವಾಕ್ಯವನ್ನು ಹೊಡೆದುಹಾಕಿ, ಮಂತ್ರಿಗಳ ಕಾರ್ಯದರ್ಶಿಗೆ ಫೋನು ತಿರುಗಿಸಿದರು.

ಐದು ಗಂಟೆಗೆ ಚೌಕ ತುಂಬಿತ್ತು. ಎದುರಾಳಿ ಗೆಲ್ಲಲಿಲ್ಲವೆಂಬ ತೃಪ್ತಿಯಲ್ಲಿ ಎರಡು ತಂಡಗಳೂ ಸೇರಿ ಕುಣಿದವು. ಪರದೆ ಸರಿಯಿತು, ಕಲ್ಲಿನ ಮೇಲೆ ಕಟ್ಟಡದ ಸಂಖ್ಯೆ ಆಗಷ್ಟೇ ಉದುರಿದ ಕಲ್ಲುಪುಡಿಯೊಂದಿಗೆ ಮಿಂಚುತ್ತಿತ್ತು. ಮೊದಲ ಸಾಲಿನಲ್ಲಿ ಹೆಂಡತಿ ಇದ್ದಳು. ಪಕ್ಕದಲ್ಲಿ ರಿಪೇರಿ ಮುದುಕ ತೊಳೆದ ಕೈಗಳನ್ನು ಮೊಣಕಾಲ ಮೇಲಿಟ್ಟು ಕೂತಿದ್ದ.

ಮಂತ್ರಿಗಳು ಮೈಕಿನ ಮುಂದೆ ಬಂದರು. "ಇಂಥ ಕಟ್ಟಡವನ್ನು ನಾವು ಹೀಗೇ ಬಿಡೋದಿಲ್ಲ. ಇದನ್ನು ಈ ಕ್ಷಣದಿಂದ ಸಂರಕ್ಷಿತ ಸ್ಮಾರಕ ಅಂತ ಘೋಷಿಸ್ತಾ ಇದ್ದೇನೆ."

ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವನು ಅಡಿಟಿಪ್ಪಣಿ.

"ಮೂವತ್ತು ದಿನದೊಳಗೆ ಬಾಡಿಗೆದಾರರನ್ನೆಲ್ಲ ತೆರವುಗೊಳಿಸಿ ಗಾಜಿನ ಬೇಲಿ ಹಾಕಿಸ್ತೇವೆ. ಒಳಗೆ ಒಂದು ಮೊಳೆ ಹೊಡೆಯೋಕೂ ಯಾರಿಗೂ ಬಿಡೋದಿಲ್ಲ."

ಚಪ್ಪಾಳೆಯ ನಡುವೆಯೇ ಅವನ ಕೈಗಳು ನಿಂತವು. ಮುದುಕ ಕಿವಿಗೆ ಕೈ ಹಿಡಿದು ಅಡಿಟಿಪ್ಪಣಿಯ ಹೆಂಡತಿಯನ್ನು, "ಏನಂತಮ್ಮಾ?" ಎಂದು ಕೇಳುತ್ತಿದ್ದ. ಅವಳು ಗಂಡನನ್ನೇ ನೋಡುತ್ತಿದ್ದಳು. ಅವಳು ಹಾಗೆ ನೋಡಿದ್ದನ್ನು ಅವನು ಹಿಂದೆಂದೂ ಕಂಡಿರಲಿಲ್ಲ.

ಅಷ್ಟರಲ್ಲಿ ನಿರ್ದೇಶಕರು ಬಂದು ಹೆಗಲ ಮೇಲೆ ಕೈಯಿಟ್ಟರು. ಆರು ವರ್ಷದಲ್ಲಿ ಅದೇ ಮೊದಲು. "ಭೇಷ್ ಕಣ್ರೀ. ನಾಳೆ ಬೆಳಗ್ಗೆ ತೆರವಿನ ನೋಟೀಸು ನೀವೇ ಟೈಪ್ ಮಾಡಿ, ನೀವೇ ಹೋಗಿ ಕೊಟ್ಟು ಸಹಿ ತಗೊಂಡು ಬನ್ನಿ. ಕೆಳಗೆ ಆ ರಿಪೇರಿಯವನು, ಗೊತ್ತಾಯ್ತು. ಮಹಡಿ ಮೇಲೂ ಯಾರೋ ಸಂಸಾರ ಮಾಡ್ಕೊಂಡಿದ್ದಾರಂತೆ. ಅವರು ತಕರಾರು ಗಿಕರಾರು ತೆಗೆಯೋ ಪೈಕಿಯೇನ್ರೀ?"

ಅಡಿಟಿಪ್ಪಣಿ ಮೊದಲ ಸಾಲಿನತ್ತ ಬೆನ್ನು ಮಾಡಿ ನಿಂತ.

"ಇಲ್ಲ ಸಾರ್" ಎಂದ. "ಪಾಪದ ಜನ."