ನಲ್ಲಿ ನೋಡಲು ಹೋದ ಬೀಗರು

ಶಿಕಾರಿಪುರದಲ್ಲಿ ಮನುಷ್ಯರಿಗಿಂತ ಮೊದಲು ನಲ್ಲಿಗಳ ಆರೋಗ್ಯ ವಿಚಾರಿಸುವವರು ಒಬ್ಬರಿದ್ದಾರೆ. ಬೇರೆಯವರ ಸಂಬಂಧಿಕರಾಗಿದ್ದರೆ ಒಳ್ಳೆಯ ಸುದ್ದಿಯಾಗುತ್ತಿತ್ತು. ಏನು ಮಾಡುವುದು, ನಮ್ಮವರೇ! ನನ್ನ ಹೆಂಡತಿಯ ಅಕ್ಕನ ಗಂಡ, ಅಂದರೆ ನನ್ನ ಷಡ್ಡಕರು. ಪೇಟೆಯಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದಾರೆ. ಪ್ಲಂಬಿಂಗ್ ಅವರಿಗೆ ಕಸುಬೂ ಅಲ್ಲ, ಹವ್ಯಾಸವೂ ಅಲ್ಲ, ಕೋಪ. ನಲ್ಲಿ ತೊಟ್ಟಿಕ್ಕುವ ಸದ್ದು ಕಿವಿಗೆ ಬಿದ್ದರೆ ಆ ಮನೆಯವರನ್ನೆಲ್ಲ ಬೈದು ಮುಗಿಸುವ ತನಕ ಅವರಿಗೆ ಅನ್ನ ಇಳಿಯುವುದಿಲ್ಲ. ಈ ಕೋಪ ಒಂದು ದಿನ ಅವರ ಒಬ್ಬಳೇ ಮಗಳಿಗೆ ಕೂಡಿಬಂದ ಸಂಬಂಧವನ್ನೇ ತಪ್ಪಿಸುವ ಮಟ್ಟಕ್ಕೆ ಹೋಯಿತು. ನಾನು ಸ್ಥಳದಲ್ಲಿದ್ದೆ. ಪತ್ರಿಕೆಯಲ್ಲಿ ದುಡಿಯುವವನು, ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ.

ನಮ್ಮ ಮನೆಗೆ ಬಂದರೆ ಚಪ್ಪಲಿ ಬಿಡುವಾಗಲೇ ತನಿಖೆ ಶುರು.

“ಬಚ್ಚಲಲ್ಲಿ ಯಾರದಾರೆ?”

“ಯಾರೂ ಇಲ್ವಲ್ಲ ಭಾವ,” ಎನ್ನುತ್ತಾಳೆ ನನ್ನ ಹೆಂಡತಿ.

“ಹಂಗಾದ್ರೆ ಅಳ್ತಿರೋದು ಯಾರು?”

ಜೇಬಿನಿಂದ ಸ್ಕ್ರೂಡ್ರೈವರ್ ಹೊರಬರುತ್ತದೆ. ಅದರ ತುದಿಯನ್ನು ಪೈಪಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು, ಕಣ್ಣು ಮುಚ್ಚಿ ನಿಲ್ಲುತ್ತಾರೆ. ಆಗ ಮನೆಯಲ್ಲಿ ಯಾರೂ ಕೆಮ್ಮುವಂತಿಲ್ಲ. ಮಿಕ್ಸಿ ಹಾಕಿದರಂತೂ ಕಥೆ ಮುಗಿಯಿತು!

“ವಾಷರ್ ಸತ್ತೈತಿ. ತಾನಾಗಿ ಸತ್ತಿದ್ದಲ್ಲ, ನೀವು ಕೊಂದಿದ್ದು. ಯಾರ್ರೀ ಇದನ್ನ ಹಿಂಗೆ ಬಿಗಿಯೋರು? ನಲ್ಲಿ ಮುಚ್ಚು ಅಂದ್ರೆ ಕಂಬಳಿ ಹಿಂಡಿದಂಗೆ ಹಿಂಡ್ತೀರಲ್ಲ!”

“ಭಾವ, ಹೋದ ಸಲ ನೀವೇ ಬಿಗಿದು ಹೋಗಿದ್ದು.”

ಸ್ಕ್ರೂಡ್ರೈವರ್ ಮತ್ತೆ ಜೇಬಿಗೆ ಸೇರುತ್ತದೆ. “ಹಂಗಾದ್ರೆ ನಲ್ಲೀನೇ ಸರಿ ಇಲ್ಲ. ಕಿತ್ತು ಒಗೀರಿ!”

ಒಮ್ಮೆ ಅವರ ಮನೆಯ ಪೈಪುಗಳೇ ಸದ್ದು ಮಾಡಲು ಶುರುಮಾಡಿದವು. ಯಾವುದೇ ನಲ್ಲಿ ಮುಚ್ಚಲಿ, ಗೋಡೆಯೊಳಗಿಂದ ಯಾರೋ ಗುದ್ದಿದ ಹಾಗೆ ಢಬ್ ಎನ್ನುತ್ತಿತ್ತು. ಷಡ್ಡಕರು ತಾರಸಿ ಹತ್ತಿ ಪೈಪಿಗೆ ಕಿವಿಗೊಟ್ಟು ಕುಳಿತರು. ಕೆಳಗೆ ಮನೆಮಂದಿಯೆಲ್ಲ ಒಂದೊಂದು ನಲ್ಲಿಯ ಮುಂದೆ ಕಾವಲು. ಮೇಲಿನಿಂದ ಅಪ್ಪಣೆ: “ಅಡಿಗೆಮನೆ, ಬಿಡು! ಬಚ್ಚಲು, ಮುಚ್ಚು! ಮುಚ್ಚು ಅಂದ್ನಲ್ಲ!” ಬಚ್ಚಲಲ್ಲಿ ಇದ್ದವರು ನಮ್ಮಿಬ್ಬರ ಅತ್ತೆ, ಮುಖದ ತುಂಬ ಸೋಪು. ಅಳಿಯನ ಮಾತು ಮೀರಲಾರದೆ ಆ ಹಿರಿಯ ಜೀವ ಕಣ್ಣು ಉರಿಯುತ್ತಿದ್ದರೂ ಹಾಗೇ ನಿಂತಿತ್ತು. ಬೆಳಗ್ಗೆಯೆಲ್ಲ ಹುಡುಕಿದ ಮೇಲೆ ಕಾರಣ ಸಿಕ್ಕಿತು. ಪೈಪನ್ನು ಗೋಡೆಗೆ ಹಿಡಿದಿಡುವ ಒಂದು ಕ್ಲಾಂಪ್ ಕಾಣೆಯಾಗಿತ್ತು. ಹಿಂದಿನ ವಾರ ಸೋರಿಕೆ ಹುಡುಕುವಾಗ ಅದನ್ನು ಬಿಚ್ಚಿದ್ದವರು ಷಡ್ಡಕರೇ! ಅದಕ್ಕೂ ಅವರು ಮನೆಯವರನ್ನೇ ಬೈದರು: “ಬಿಚ್ಚುವಾಗ ನೋಡ್ತಾ ನಿಂತಿದ್ರಲ್ಲ, ಬೇಡ ಅನ್ನೋಕೆ ಬಾಯಿರ್ಲಿಲ್ವಾ?”

ಸಾವಿನ ಮನೆಯನ್ನೂ ಬಿಟ್ಟವರಲ್ಲ. ನಮ್ಮ ಬಂಧುವೊಬ್ಬರು ತೀರಿಕೊಂಡಾಗ ಮಾತನಾಡಿಸಲು ಹೋಗಿದ್ದೆವು. ಎಲ್ಲರೂ ತಲೆ ತಗ್ಗಿಸಿ ಕುಳಿತಿದ್ದಾಗ ಇವರು ತಟ್ಟನೆ ಎದ್ದು ಹೊರಗೆ ಹೋದರು. ಪಾಪ, ದುಃಖ ತಡೆಯಲಿಲ್ಲ ಎಂದು ಹೆಂಗಸರು ಮರುಗಿದರು. ಹಿಂದಿರುಗಿ ಬಂದವರು ತೀರಿಕೊಂಡವರ ಮಗನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದರು: “ಟ್ಯಾಂಕ್ ತುಂಬಿ ಹರೀತೈತಿ. ಏನ್ ಮಾಡ್ತಿದೀರಿ ನೀವೆಲ್ಲ?”

ಇಂಥವರ ಮಗಳಿಗೆ ಸೊರಬದ ಹುಡುಗನೊಬ್ಬ ಗೊತ್ತಾದ. ಸಹಕಾರಿ ಬ್ಯಾಂಕಿನಲ್ಲಿ ಕೆಲಸ. ಬಂದು ನೋಡಿಹೋಗಿದ್ದ, ಒಪ್ಪಿದ್ದ. ಶಾಲೆಯಲ್ಲಿ ಪಾಠ ಹೇಳುವ, ಸುಲಭಕ್ಕೆ ಯಾರನ್ನೂ ಮೆಚ್ಚದ ನಮ್ಮ ಹುಡುಗಿಗೂ ಅವನು ಮನಸ್ಸಿಗೆ ಬಂದಿದ್ದ. ಇನ್ನು ಉಳಿದದ್ದು ನಮ್ಮ ಕಡೆಯವರು ಹೋಗಿ ಹುಡುಗನ ಮನೆ ನೋಡಿ ಬರುವುದು.

ಹೊರಡುವ ಮುನ್ನ ಅತ್ತಿಗೆ, ಅಂದರೆ ಹುಡುಗಿಯ ತಾಯಿ, ಗಂಡನ ಜೇಬಿನಿಂದ ಸ್ಕ್ರೂಡ್ರೈವರ್ ಕಿತ್ತುಕೊಂಡರು. ಮಗಳು ಬಾಗಿಲಲ್ಲಿ ನಿಂತು ಹೇಳಿದಳು: “ಅಪ್ಪಾ, ಇವತ್ತೊಂದು ದಿನ ಬಾಯಿ ಮುಚ್ಕೊಂಡಿರು. ನನಗೆ ಈ ಸಂಬಂಧ ಬೇಕು.”

“ನಾನೇನು ಚಿಕ್ಕ ಹುಡುಗನೇನೇ?” ಎಂದು ರೇಗಿದರು. ಆಮೇಲೆ ಶಿರಾಳಕೊಪ್ಪ ದಾಟುವವರೆಗೂ ಖಾಲಿ ಜೇಬನ್ನು ಮುಟ್ಟಿ ಮುಟ್ಟಿ ನೋಡಿಕೊಂಡರು.

ಸೊರಬದಲ್ಲಿ ಉಪ್ಪಿಟ್ಟು, ಕೇಸರಿಬಾತು ಬಂತು. ಮಾತುಕತೆ ಹದವಾಗಿ ಸಾಗಿತ್ತು. ಅಷ್ಟರಲ್ಲಿ ಹಿಂದಿನಿಂದ ಎಲ್ಲೋ ತೊಟ್... ತೊಟ್... ನಮ್ಮ ಕಡೆಯವರೆಲ್ಲರ ಚಮಚಗಳೂ ಒಟ್ಟಿಗೆ ನಿಂತವು. ಇಷ್ಟು ವರ್ಷದ ತರಬೇತಿ! ಅತ್ತಿಗೆ ಗಂಡನನ್ನು ನೋಡಿದರು. ಅವರು ತಟ್ಟೆ ನೋಡಿಕೊಂಡು ಇನ್ನೂ ಬೇಗಬೇಗ ತಿಂದರು.

“ಬನ್ನಿ, ಮನೆ ನೋಡಿ,” ಎಂದು ಹುಡುಗನ ತಂದೆ ಎದ್ದರು. ಊಟದ ಕೋಣೆಯ ವಾಶ್ ಬೇಸಿನ್, ಸ್ನಾನದ ಮನೆಯ ಶವರ್, ಕಾರು ತೊಳೆಯುವ ನಲ್ಲಿ, ಎಲ್ಲವೂ ಫಳಫಳ. ಒಂದೂ ಸೋರುತ್ತಿರಲಿಲ್ಲ. ಷಡ್ಡಕರು ತುಟಿ ಬಿಗಿಹಿಡಿದು ತಲೆಯಾಡಿಸಿದರು.

“ಹಿತ್ತಲು?” ಎಂದರು.

“ಹಿತ್ತಲಲ್ಲಿ ನೋಡೋಕೆ ಏನಿದೆ ಮಾರಾಯ್ರೆ? ಹೆಂಗಸರು ಪಾತ್ರೆ ತೊಳೆಯೋ ಜಾಗ.”

ಷಡ್ಡಕರು ಆಗಲೇ ಹಿತ್ತಲ ಬಾಗಿಲು ದಾಟಿದ್ದರು.

ಮೊಣಕಾಲೆತ್ತರದ ನಲ್ಲಿ, ಕುತ್ತಿಗೆಗೆ ಹಳೆಯ ಸೀರೆಯ ಚಿಂದಿ. ಚಿಂದಿಯ ತುದಿಯಿಂದ ನೀರು. ಕೆಳಗಿನ ಕಲ್ಲಿನ ಮೇಲೆಲ್ಲ ಹಸಿರು ಪಾಚಿ. ಹುಡುಗನ ತಾಯಿ ಒಂದು ಕೈಯಲ್ಲಿ ಗೋಡೆ ಹಿಡಿದು, ಇನ್ನೊಂದು ಕೈಯಲ್ಲಿ ನಮ್ಮ ಎಂಜಲು ತಟ್ಟೆಗಳನ್ನು ಹೊತ್ತು, ಆ ಕಲ್ಲಿನ ಮೇಲೆ ಅಳೆದು ಅಳೆದು ಹೆಜ್ಜೆ ಇಡುತ್ತಿದ್ದರು.

“ಎಷ್ಟು ದಿನದಿಂದ ಹಿಂಗೈತಿ ತಂಗಿ?”

“ದಿನ ಎಲ್ಲಿ ಬಂತಣ್ಣ, ವರ್ಷಗಳೇ ಆದವು. ಹೋದ ಮಳೆಗಾಲದಲ್ಲಿ ಜಾರಿಬಿದ್ದು ಕೈ ಮುರ್ಕೊಂಡೆ.” ಆಕೆ ನಕ್ಕರು. “ಹೇಳಿ ಹೇಳಿ ಸಾಕಾಯ್ತು.”

ಮುಂದಿನದನ್ನು ಬರೆಯಲು ನನಗೂ ಮುಜುಗರ. ಷಡ್ಡಕರು ಸೊರಬದ ಆ ಬೀದಿಗೆ ಕೇಳುವಂತೆ ಕೂಗಿದರು: “ಕಾರು ತೊಳೆಯೋ ನಲ್ಲಿ ಸೋರಂಗಿಲ್ಲ! ನೀವು ಕೈ ತೊಳೆಯೋ ನಲ್ಲಿ ಸೋರಂಗಿಲ್ಲ! ಇದೊಂದು ಮಾತ್ರ ಯಾಕ್ರೀ ಸೋರ್ತೈತಿ? ಆ ತಾಯಿ ಬಿದ್ದು ಕೈ ಮುರ್ಕೊಂಡ್ರೂ ನಿಮಗೆ ಒಂದು ವಾಷರ್ ನೆನಪಾಗ್ಲಿಲ್ವಾ? ನಾಳೆ ಈ ಕಲ್ಲಿನ ಮೇಲೆ ನಿಲ್ಲೋಳು ನನ್ನ ಮಗಳು ಕಣ್ರೀ!”

ಅತ್ತಿಗೆ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಹುಡುಗನ ತಂದೆಯ ಮುಖ ಕೆಂಪೇರಿತು.

“ನೀವು ಬೀಗರಾಗೋಕೆ ಬಂದ್ರೋ, ನಲ್ಲಿ ರಿಪೇರಿಗೆ ಬಂದ್ರೋ?”

“ಬೀಗರಾಗೋದು ಬಿಡೋದು ಆಮೇಲೆ. ಮೊದಲು ನೀರು ನಿಲ್ಲಿಸೋ ವಾಲ್ ಎಲ್ಲೈತಿ ಹೇಳ್ರಿ!”

ಹುಡುಗನ ತಂದೆಗೆ ಅದು ಗೊತ್ತೇ ಇರಲಿಲ್ಲ! ಹುಡುಗ ಮಾತ್ರ ಬೈಕಿನ ಸ್ಪ್ಯಾನರ್ ತಂದ. “ನಾನು ಬಿಚ್ಚಲ್ಲ, ನೀನು ಬಿಚ್ಚು,” ಎಂದರು ಷಡ್ಡಕರು. ಹುಡುಗ ವಾಲ್ ಮುಚ್ಚದೆಯೇ ಬಿಚ್ಚಿದ. ಚಿಮ್ಮಿದ ನೀರು ಅವನ ಇಸ್ತ್ರಿ ಅಂಗಿಯನ್ನೂ ಅವನ ತಂದೆಯ ಪಂಚೆಯನ್ನೂ ತಟಸ್ಥನಾಗಿ ನಿಂತಿದ್ದ ನನ್ನನ್ನೂ ಸಮವಾಗಿ ತೋಯಿಸಿತು. ಷಡ್ಡಕರು ಬೈಯುತ್ತಲೇ ಹುಡುಕಿ ವಾಲ್ ಮುಚ್ಚಿದರು, ಬೈಯುತ್ತಲೇ ಹಳೆಯ ಹವಾಯಿ ಚಪ್ಪಲಿಯಿಂದ ವಾಷರ್ ಕತ್ತರಿಸುವುದನ್ನು ಕಲಿಸಿದರು. ಆಮೇಲೆ ಭಾವೀ ಅಳಿಯನ ಕೈಗೆ ತೆಂಗಿನ ಪೊರಕೆ ಕೊಟ್ಟು ಪಾಚಿಯನ್ನೂ ಉಜ್ಜಿಸಿದರು.

“ಯೋಚನೆ ಮಾಡಿ ತಿಳಿಸ್ತೀವಿ,” ಎಂದರು ಹುಡುಗನ ತಂದೆ, ಒದ್ದೆ ಪಂಚೆ ಹಿಂಡುತ್ತ. ಆ ಮಾತಿನ ಅರ್ಥ ಗೊತ್ತಿಲ್ಲದ ಹೆಣ್ಣಿನ ಕಡೆಯವರು ಯಾರಿದ್ದಾರೆ?

ದಾರಿಯುದ್ದಕ್ಕೂ ಅತ್ತಿಗೆಯದೇ ಸರದಿ. “ನಿಮಗೆ ಮಗಳು ಬೇಡ. ಪೈಪ್ ಹುಟ್ಟಬೇಕಿತ್ತು ನಿಮಗೆ!” ಶಿಕಾರಿಪುರ ಹತ್ತಿರವಾದಂತೆ ಷಡ್ಡಕರು ಸೀಟಿನಲ್ಲಿ ಸಣ್ಣಗಾಗುತ್ತ ಹೋದದ್ದನ್ನು ನಾನು ಗಮನಿಸಿದೆ.

ಮನೆ ತಲುಪಿದಾಗ ಸಂಜೆ. ಮಗಳು ಜಗುಲಿಯಲ್ಲೇ ನಿಂತಿದ್ದಳು. ಕಣ್ಣು ಕೆಂಪಾಗಿತ್ತು. ಅಪ್ಪ ಮೆಟ್ಟಿಲ ಕೆಳಗೇ ನಿಂತರು.

“ಬೈಯೋದಿದ್ರೆ ಬೈಯಮ್ಮ,” ಎಂದರು.

“ಅವರಮ್ಮ ಫೋನ್ ಮಾಡಿದ್ರು,” ಎಂದಳು. “ನಲ್ಲಿ ತೊಟ್ಟಿಕ್ಕೋದು ನಿಂತಿದೆಯಂತೆ. ಮಾವನೋರನ್ನ ಅವರೇ ಒಪ್ಪಿಸ್ತಾರಂತೆ, ದಿನ ನೋಡ್ಸೋಕೆ ಹೇಳಿದ್ರು.” ಕಣ್ಣೊರೆಸಿಕೊಂಡು, “ಆ ಮನೇಲಿ ನನಗೋಸ್ಕರ ಕೂಗಾಡೋಕೆ ಅವರಿದಾರಂತೆ, ನಿಮ್ಮಪ್ಪಂಗೆ ಹೇಳು ಅಂದ್ರಪ್ಪ,” ಎಂದಳು.

ಷಡ್ಡಕರು ಮೆಟ್ಟಿಲು ಹತ್ತಿದರು. ಸೀದಾ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರು. ಒಳಗೆ ನಲ್ಲಿ ತಿರುಗಿದ ಸದ್ದು, ಹಿಂದೆಯೇ ನೀರು ಧೋ ಎಂದು ಸುರಿಯುವ ಸದ್ದು. ಹಲ್ಲುಜ್ಜುವಾಗಲೂ ನಲ್ಲಿ ಮುಚ್ಚಿಸುವ ಮನುಷ್ಯ! ನೀರು ಸುರಿಯುತ್ತಲೇ ಇತ್ತು. ನಡುವೆ ಒಮ್ಮೆ ಮೂಗು ಸೀಟಿದ್ದು ಕೇಳಿಸಿತು.

ಮಗಳು ಬಾಗಿಲು ತಟ್ಟಲು ಕೈ ಎತ್ತಿದಳು. ಅತ್ತಿಗೆ ಆ ಕೈ ಹಿಡಿದುಕೊಂಡರು.

“ಹರೀಲಿ ಬಿಡು,” ಎಂದರು. “ನಾಳೆ ನೀರು ಬಿಡ್ತಾರೆ.”