ಗಾಜಿನ ಪೆಟ್ಟಿಗೆಯ ಜೋಡಿ ಹಕ್ಕಿ

ತಿಳಿಯದವರಿಗೆ ತಿಳಿಸಬಹುದು, ಎಲ್ಲ ತಿಳಿದವರಿಗೆ ಏನು ಹೇಳುವುದು? ಮಾಸ್ತರಿಕೆ ಬಿಡಿಸಿ ನನ್ನನ್ನು ಅರಮನೆಯ ಪರದೇಶಿ ವಸ್ತುಗಳ ಕೋಣೆಗೆ ನೇಮಿಸಿದಂದಿನಿಂದ ಈ ಕಾಟ ತಪ್ಪಲಿಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಅಮೆರಿಕದ ಎರಡು ಝೇಂಕಾರದ ಹಕ್ಕಿಗಳನ್ನು, ಅಂದರೆ ಹಮ್ಮಿಂಗ್‌ಬರ್ಡುಗಳನ್ನು, ಹತ್ತಿ ತುಂಬಿ ಇಟ್ಟಿದ್ದರು. ಒಂದು ಉದ್ದ ಬಾಲದ ಕೆಂಪು, ಇನ್ನೊಂದು ಸಾದಾ ಹಸಿರು. ದಿನಾ ಮುಂಜಾನೆ ಪೆಟ್ಟಿಗೆ ತೆರೆದು ಅವುಗಳ ಧೂಳು ಒರೆಸುವುದೂ ನನ್ನ ಕೆಲಸ. ಝೇಂಕಾರದ ಹಕ್ಕಿಗಳಲ್ಲಿ ನೂರಾರು ಜಾತಿ ಇದ್ದರೂ ಇವುಗಳ ಸಣ್ಣ ಕುಲದಲ್ಲಿ ಇರುವುದು ಎರಡೇ. ಆ ಎರಡು ಜಾತಿಯೂ ನಮ್ಮಲ್ಲಿವೆ ಎಂದು ಯಾರೋ ಚೀಟಿ ಅಂಟಿಸಿದ್ದರು. ಶುದ್ಧ ಸುಳ್ಳು! ಇವು ಒಂದೇ ಜಾತಿಯ ಗಂಡು-ಹೆಣ್ಣು. ಚೀಟಿ ತಪ್ಪೆಂದರೆ ಅರಮನೆಯ ಆಡಳಿತ ನೋಡುವ ಕಾರಭಾರಿಗಳು "ನೋಡೋಣು" ಎನ್ನುತ್ತಿದ್ದರು.

ಹಿತ್ತಲ ಸಾಕ್ಷಿ

ಲೋಕಾಪುರದ ವ್ಯಾಪಾರಿಯೊಬ್ಬ ಬಂದ. "ಇದು ನಮ್ಮ ಹಿತ್ತಲದಾಗ ದಾಸಾಳ ಹೂವಿಗೆ ಬರ್ತೇತ್ರಿ."

"ಅದು ಸೂರಕ್ಕಿ. ಇದರ ಬಳಗವೇ ಬೇರೆ, ಇದು ಹಿಂದಕ್ಕೂ ಹಾರುತ್ತದೆ."

"ನೀವು ನೋಡೀರೇನ್ರಿ?"

"ಇಲ್ಲ."

"ನಮ್ಮದನ್ನ ನಾ ದಿನಾ ನೋಡ್ತೇನಿ. ಅದಕ್ಕ ನಂದ ಖರೆ."

ಮಗ್ಗದ ತೀರ್ಪು

ರಬಕವಿಯ ನೇಕಾರರೊಬ್ಬರು ಗಾಜಿಗೆ ಮೂಗು ಹಚ್ಚಿ ನೋಡಿದರು. "ಕೆಂಪು ಅಸಲ ರೇಷ್ಮಿ. ಹಸಿರು ಬರೇ ನೂಲು."

ಎರಡೂ ಒಂದೇ ಜಾತಿ ಎಂದು ನಾನು ಗಂಟಲು ಹರಿದುಕೊಂಡೆ. ಅವರಿಗೆ ನನ್ನ ಮೇಲೆ ಕನಿಕರ ಬಂತು.

"ಹಂಗಂತ ಹೇಳಿ ಮಾರಿದವ ನಿಮಗ ಛಲೋ ಟೋಪಿ ಹಾಕ್ಯಾನ್ರಿ."

ಕಾರಭಾರಿಗಳ ಬಂದೋಬಸ್ತು

ಮುಂಬಯಿಯಿಂದ ಪಕ್ಷಿಶಾಸ್ತ್ರದ ಸಾಹೇಬರು ಬರುವ ಸುದ್ದಿ ಬಂತು. ಆ ಚೀಟಿಯನ್ನು ಅವರು ಓದಿದರೆ ನನ್ನ ಮಾನ ಮೂರಾಬಟ್ಟೆ! ಸೀದಾ ಕಾರಭಾರಿಗಳ ಮುಂದೆ ಹೋಗಿ, "ಅವು ಎರಡು ಜಾತಿ ಅಲ್ರಿ, ಗಂಡ-ಹೆಂಡ್ತಿ!" ಎಂದು ಕೂಗಿಯೇಬಿಟ್ಟೆ.

ಅವರು ಗಾಬರಿಯಾದರು. "ಮದಲ ಹೇಳಬಾರದೇನ್ರಿ ಮಾಸ್ತರ? ನಡೀರಿ, ನಾ ಬಂದೋಬಸ್ತ್ ಮಾಡ್ತೇನಿ."

ಅಂತೂ ಶಾಸ್ತ್ರ ಗೆದ್ದಿತು ಎಂದು ಹಿಗ್ಗಿದೆ.

ಮರುದಿನ ಸಾಹೇಬರನ್ನು ಒಳಗೆ ಕರೆದುಕೊಂಡು ಹೋದೆವು. ಚೀಟಿ ಹೊಸದು, ಅಕ್ಷರ ಅಕ್ಷರವೂ ಸರಿ. ಕೆಂಪು ಹಕ್ಕಿ ಮಿಂಚುತ್ತಿತ್ತು. ಅದರ ಪಕ್ಕದಲ್ಲಿ, ಹಸಿರು ಹಕ್ಕಿ ಇದ್ದ ಕಡೆಯ ಗಾಜಿನ ಮೇಲೆ, ಒಂದು ಜರಿಯ ಪರದೆ ಇಳಿಬಿದ್ದಿತ್ತು.

"ಹೆಣ್ಣು ಎಲ್ಲಿ?" ಎಂದರು ಸಾಹೇಬರು.

ಕಾರಭಾರಿಗಳು ತಲೆ ಬಾಗಿಸಿದರು. "ಅರಮನಿ ಹೆಣ್ಮಕ್ಕಳು ಗಂಡಸರ ಮುಂದ ಬರೂದಿಲ್ರಿ. ಗೋಷಾದಾಗ ಅದಾರ."

ನನಗೆ ಮೈಯೆಲ್ಲ ಉರಿದುಹೋಯಿತು. ಪರದೆ ಸರಿಸಲು ಕೈ ಚಾಚಿದೆ. ಕಾರಭಾರಿಗಳು ಆ ಕೈಯನ್ನು ಗಟ್ಟಿಯಾಗಿ ಹಿಡಿದು, ಸಾಹೇಬರ ಎದುರಿಗೇ ಗುಡುಗಿದರು:

"ನಾಚಿಕಿ ಇಲ್ಲೇನ್ರಿ ಮಾಸ್ತರ? ಹೆಣ್ಣಂತ ಗೊತ್ತಿದ್ದೂ ಇಷ್ಟು ವರ್ಷ ದಿನಾ ಮುಂಜಾನಿ ಆಕಿ ಮೈ ಒರಸಾಕತ್ತಿದ್ರಿ!"