ಹೊಂಗೆ ಮರದ ಬಾಡಿಗೆದಾರರು

ಸತ್ತಿದೆ ಅಂದ್ನಲ್ಲ ರೀ, ಇನ್ನೆಷ್ಟು ಸಲ ಹೇಳ್ಲಿ? ಚಿಗುರು ಕಂಡ್ರೆ ಕಾಣ್ಲಿ, ಜೋರಾಗಿ ಹೇಳ್ಬೇಡಿ. ಜೋಗುಪಾಳ್ಯದ ನಮ್ಮ ಬೀದಿಯ ಹೊಂಗೆ ಮರ ಆಫೀಸ್ ಲೆಕ್ಕದಲ್ಲಿ ಸತ್ತು ಎರಡು ವರ್ಷ ಆಯ್ತು. ಆರೋಗ್ಯವಾಗಿದೆ.

ಮರಕ್ಕೆ ಹುಳ ಬಿದ್ದಿತ್ತು. ಅದರ ಕೆಳಗೆ ಇಸ್ತ್ರಿ ಗಾಡಿ ನಿಲ್ಸೋ ಪಿಳ್ಳಪ್ಪ ಒಂದಿನ ನಯಾಜ್ ಸಾಹೇಬ್ರ ಶೇರ್ವಾನಿ ಜೊತೆ ಒಂದು ಹುಳಾನೂ ಇಸ್ತ್ರಿ ಮಾಡ್ಬಿಟ್ಟ. ಬೀದಿಯವರೆಲ್ಲ ಸೇರಿ ಮರಗಳ ಆಫೀಸಿಗೆ ದೂರು ಕೊಟ್ವಿ. ಇನ್‌ಸ್ಪೆಕ್ಟರ್ ಪ್ರೇಮ್‌ಕುಮಾರ್ ಬರೋ ಹೊತ್ತಿಗೆ ಹುಳಗಳು ಊಟ ಮುಗಿಸಿದ್ವು. ಅವರು ಸೊಂಟದ ಪೇಜರ್ ಸರಿಮಾಡ್ಕೊಂಡು ಮೇಲೆ ನೋಡಿದ್ರು.

"ಎಲೆ ಇಲ್ಲ. ಮರ ಮರಣ ಹೊಂದಿದೆ. ಕಡೀಬೇಕು."

"ಮಳೆ ಬಿದ್ರೆ ಚಿಗುರುತ್ತೆ ಸಾರ್," ಅಂದೆ.

"ಅದು ಆಮೇಲಿನ ವಿಷ್ಯ ರೀ. ತಪಾಸಣೆ ದಿನ ಎಲೆ ಇರಬೇಕಿತ್ತು."

ಪಿಳ್ಳಪ್ಪ ಬೆವೆತುಹೋದ. ಮರ ಹೋದ್ರೆ ನೆರಳು ಹೋಯ್ತು. ಕೆಂಡದ ಪೆಟ್ಟಿಗೆ ಹಿಡ್ಕೊಂಡು ಬಿಸಿಲಲ್ಲಿ ಯಾರು ನಿಲ್ತಾರೆ? "ಸಾಮಿ, ಹುಳ ಇನ್ನೂ ಅವೆ. ಪಾಪ, ಎಲ್ಲಿಗೋಗ್ತವೆ?" ಅಂದ.

ಪ್ರೇಮ್‌ಕುಮಾರ್ ಯೋಚನೆಗೆ ಬಿದ್ರು. ನಿಯಮ ಇತ್ತು: ಮರದಲ್ಲಿ ಜೀವಿಗಳು ವಾಸವಾಗಿದ್ರೆ, ಅವು ಖಾಲಿ ಮಾಡೋವರೆಗೂ ಸತ್ತ ಮರಾನೂ ಕಡಿಯೋ ಹಾಗಿಲ್ಲ.

"ಖಾಲಿ ಮಾಡಿದ ತಕ್ಷಣ ತಿಳಿಸಿ," ಅಂದು ಹೋದ್ರು.

ಅವತ್ತಿಂದ ದೂರು ಕೊಟ್ಟೋರೇ ಹುಳ ಸಾಕಿದ್ವಿ. ಹಲಸೂರು ಕೆರೆ ಕಡೆಯಿಂದ ಹೊಂಗೆ ಸೊಪ್ಪು ತಂದು ಬೋಳು ಕೊಂಬೆಗೆ ಕಟ್ಟಿದ್ವಿ. ಕಾಗೆ ಕಂಡ್ರೆ ಎದುರುಮನೆ ಆಂಜನಮ್ಮ ಪೊರಕೆ ಹಿಡ್ಕೊಂಡು ಓಡೋರು. ಇಷ್ಟು ಉಪಚಾರ ಮಾಡಿದ್ರೂ ಹುಳಗಳು ಗೂಡು ಕಟ್ಟಿ, ಪತಂಗ ಆಗಿ ಹಾರಿಹೋದ್ವು. ಹೊರಮಾವಿಂದ ಹೊಸ ಹುಳ ತಂದು ಬಿಟ್ವಿ.

ಪ್ರೇಮ್‌ಕುಮಾರ್ ಓಡಿಬಂದ್ರು. "ಹಾರಿಹೋದ್ವಂತೆ? ಹಾಗಾದ್ರೆ ಖಾಲಿ ತಾನೆ?"

"ಎಲ್ಲಿ ಸಾಮಿ," ಪಿಳ್ಳಪ್ಪ ಕೊಂಬೆ ತೋರಿಸ್ದ. "ದೊಡ್ಡೋರು ಆಚೆ ಹೋಗವ್ರೆ. ಮಕ್ಳು ಮನೇಲೇ ಅವೆ."

"ಓ, ಫ್ಯಾಮಿಲಿನಾ?" ಅಂದ್ರು ಇನ್‌ಸ್ಪೆಕ್ಟರ್, ಮರ್ಯಾದೆಯಿಂದ ದನಿ ತಗ್ಗಿಸಿ. ಅಷ್ಟೊತ್ತಿಗೆ ಮರ ಚಿಗುರಿತ್ತು. ಅದನ್ನ 'ನಿವಾಸಿಗಳ ಆಹಾರ ದಾಸ್ತಾನು' ಅಂತ ಬರ್ಕೊಂಡು ಹೋದ್ರು. ಈಗ ದಾಸ್ತಾನು ದಟ್ಟವಾಗಿ ಬೆಳೆದು ಪಿಳ್ಳಪ್ಪನ ಗಾಡಿಗೆ ಒಳ್ಳೆ ನೆರಳಾಗಿದೆ. ಬಟ್ಟೇಲಿ ಹುಳ ಸಿಕ್ರೆ ಅವನೇ ಮೆಲ್ಲಗೆ ಎತ್ತಿ ಮರಕ್ಕೆ ಬಿಡ್ತಾನೆ.

ಇದನ್ನೆಲ್ಲ ಮನೇಲಿ ಹೇಳ್ದೆ. ನಮ್ಮವಳು ಹಂಸ ನನ್ನ ಬೋಳು ತಲೆನೇ ಒಂದು ಗಳಿಗೆ ನೋಡಿದ್ಲು.

"ನಿಮಗೂ ಮೇಲೆ ಏನೂ ಉಳಿದಿಲ್ಲ. ಆ ಆಫೀಸ್ ಕಡೆ ಹೋಗೋವಾಗ ಒಂದೆರಡು ಹುಳ ಬಿಟ್ಕೊಂಡು ಹೋಗ್ರಿ."